ಬೆಂಗಳೂರಿನ ಕಾಲೇಜ್ ಫೆಸ್ಟಲ್ಲಿ ಮಾವೋರಿ ಹಕ ಮಾಡಿದ್ರೆ ತಪ್ಪಾಗತ್ತಾ?

ಹದಿನೈದು ಹುಡುಗರು ಸೇರಿ ಯೂಟ್ಯೂಬ್ ನೋಡ್ಕೊಂಡು ನ್ಯೂಜಿಲೆಂಡಿನ ಆಲ್ ಬ್ಲ್ಯಾಕ್ಸ್ ರಗ್ಬಿ ಟೀಮಿನ ಹಕ, ಅಂದ್ರೆ ಕಾಲು ಕುಟ್ಟಿ ಕೂಗ್ತಾ ಗುಂಪಾಗಿ ಮಾಡೋ ಮಾವೋರಿ ಕುಣಿತ ಕಲೀತಿದೀವಿ, ಮುಖಕ್ಕೆ ಕಪ್ಪು ಗೆರೆ ಬರ್ಕೊಳ್ತೀವಿ, ಇದ್ರಿಂದ ಯಾರಿಗಾದ್ರೂ ಬೇಜಾರಾಗತ್ತಾ ಅಂತ ಕೇಳಿದೀರಿ. ನಾನು ಒಂಬತ್ತು ವರ್ಷದಿಂದ ಆಕ್ಲೆಂಡಲ್ಲಿದೀನಿ. ನಾನು ಇಲ್ಲಿನ ಮೂಲನಿವಾಸಿ ಮಾವೋರಿ ಅಲ್ಲ, ಅವರ ಪರವಾಗಿ ಹೂಂ ಅನ್ನೋಕೂ ಬೇಡ ಅನ್ನೋಕೂ ನನಗೆ ಹಕ್ಕಿಲ್ಲ. ಆದ್ರೆ ಒಂದು ಮಾತು ಮೊದಲೇ ಹೇಳ್ಬಿಡ್ತೀನಿ, ಮುಖದ ಗೆರೆ ಮಾತ್ರ ದಯವಿಟ್ಟು ಬೇಡ.

ಅದು ಮಾವೋರಿಗಳ ಹಚ್ಚೆ, ತಾ ಮೊಕೊ ಅಂತಾರೆ. ಆ ಮನುಷ್ಯ ಯಾರ ವಂಶ, ಯಾವ ಕುಲ ಅನ್ನೋದೆಲ್ಲ ಆ ಗೆರೆಗಳಲ್ಲಿ ಇರತ್ತೆ, ಒಬ್ಬರದ್ದು ಇನ್ನೊಬ್ಬರಿಗೆ ಸಲ್ಲಲ್ಲ. ಮೈಯಲ್ಲಿ ತಲೆನೇ ಎಲ್ಲಕ್ಕಿಂತ ಪವಿತ್ರ ಅಂತ ನಂಬೋ ಜನ ಅವರು, ಅಂಥ ಗುರುತನ್ನ ನಾವು ಮಾರ್ಕರಲ್ಲಿ ಗೀಚ್ಕೊಂಡು ಸಂಜೆ ಸೋಪ್ ಹಾಕಿ ತೊಳ್ಕೊಂಡ್ರೆ ನೋಡೋರಿಗೆ ಹೇಗಾಗಬೇಡ. ಭೂತಕೋಲದ ಬಣ್ಣ ಹಚ್ಕೊಂಡು ಯಾರ್ಯಾರೋ ಸ್ಟೇಜ್ ಮೇಲೆ ಕುಣಿದಾಗ ತುಳುನಾಡಿನವರು ಎಷ್ಟು ನೊಂದ್ಕೊಂಡ್ರು, ಗೊತ್ತಲ್ಲ. 2020ರಲ್ಲಿ ಇಂಗ್ಲೆಂಡಿನ ನರ್ಸ್‌ಗಳು ಕೊರೊನಾ ಟೈಮಲ್ಲಿ ಧೈರ್ಯ ತುಂಬೋಕೆ ಅಂತ ಮುಖಕ್ಕೆ ಬಣ್ಣ ಬಳ್ಕೊಂಡು ಹಕ ವಿಡಿಯೋ ಮಾಡಿದ್ರು, ಉದ್ದೇಶ ಒಳ್ಳೇದೇ ಇತ್ತು, ಆದ್ರೂ ಕೊನೆಗೆ ಕ್ಷಮೆ ಕೇಳಬೇಕಾಯ್ತು.

ಇಷ್ಟಕ್ಕೆಲ್ಲ ಯಾಕೆ ಅನ್ಸಬಹುದು. ಇಲ್ಲೇ ಆಕ್ಲೆಂಡ್ ಯೂನಿವರ್ಸಿಟೀಲಿ ಇಂಜಿನಿಯರಿಂಗ್ ಹುಡುಗರು ಹುಲ್ಲಿನ ಲಂಗ ಕಟ್ಕೊಂಡು, ಮೈಮೇಲೆ ಅಶ್ಲೀಲವಾಗಿ ಬರ್ಕೊಂಡು ಹಕನ ಅಣಕಿಸೋದು ವರ್ಷಗಟ್ಟಲೆ ನಡೀತಿತ್ತು. ಮಾವೋರಿ ವಿದ್ಯಾರ್ಥಿಗಳು ಎಷ್ಟು ದೂರು ಕೊಟ್ರೂ ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. 1979ರ ಮೇ 1ಕ್ಕೆ ಹೆ ತೌಅ ಅನ್ನೋ ಗುಂಪು ನೇರ ಅವರ ಪ್ರಾಕ್ಟೀಸ್ ಜಾಗಕ್ಕೇ ನುಗ್ಗಿತು, ಹೊಡೆದಾಟ ಆಯ್ತು, ಕೋರ್ಟ್ ಕೇಸಾಯ್ತು. ಆ ಅಣಕ ನಿಂತಿದ್ದು ಆಮೇಲೇನೇ. ಇದನ್ನ ಕಣ್ಣಾರೆ ಕಂಡವರು ಇನ್ನೂ ಇದಾರೆ.

ಇನ್ನು ನೀವು ಕಲೀತಿರೋ ಹಕ, ಅದರ ಹೆಸರು ಕ ಮತೆ. ಅದು ಯುದ್ಧದ ಕೂಗು ಅಂತ ಎಲ್ಲರೂ ಅಂದ್ಕೊಂಡಿರ್ತಾರೆ, ನಾನೂ ಹಾಗೇ ಅಂದ್ಕೊಂಡಿದ್ದೆ. ಮತೆ ಅಂದ್ರೆ ಸಾವು, ಒರ ಅಂದ್ರೆ ಬದುಕು. ಙಾತಿ ತೊಅ ಕುಲದ ನಾಯಕ ತೆ ರೌಪರಹ ಸುಮಾರು 1820ರಲ್ಲಿ ಶತ್ರುಗಳಿಂದ ತಪ್ಪಿಸ್ಕೊಂಡು ಗೆಣಸು ಇಡೋ ಗುಂಡೀಲಿ, ನಮ್ಮ ಕಡೆ ಹಗೇವು ಇರ್ತಿತ್ತಲ್ಲ ಅಂಥದ್ರಲ್ಲಿ ಅಡಗಿ ಕೂತಿದ್ದ, ಸತ್ತೆನೋ ಬದುಕಿದೆನೋ ಅಂತ ಒಂದೊಂದು ಕ್ಷಣ ಎಣಿಸ್ತಾ, ಆಮೇಲೆ ಮೇಲೆ ಬಂದು ಬೆಳಕು ಕಂಡಾಗ ಕಟ್ಟಿದ್ದು ಇದು. 2014ರಲ್ಲಿ ನ್ಯೂಜಿಲೆಂಡ್ ಸಂಸತ್ತು ಇದಕ್ಕೇ ಅಂತ ಒಂದು ಕಾನೂನು ಮಾಡಿದೆ, ಕ ಮತೆಯನ್ನ ವ್ಯಾಪಾರಕ್ಕೋ ಸಿನಿಮಾದಲ್ಲೋ ಬಳಸಿದ್ರೆ ತೆ ರೌಪರಹ ಮತ್ತು ಅವನ ಕುಲದ ಹೆಸರು ಹೇಳಲೇಬೇಕು. ಸ್ಟೇಜಲ್ಲಿ ಆಡೋಕೆ ಅದು ಅನ್ವಯಿಸಲ್ಲ, ಬೆಂಗಳೂರಿಗಂತೂ ಇಲ್ಲವೇ ಇಲ್ಲ, ಆದ್ರೂ ಶುರು ಮಾಡೋ ಮುಂಚೆ ಮೈಕಲ್ಲಿ ಆ ಎರಡು ಹೆಸರು ಹೇಳೋಕೆ ಅರ್ಧ ನಿಮಿಷ ಸಾಕು.

ಹೊರಗಿನವರು ಮುಟ್ಟಲೇಬಾರದು ಅಂತ ಇಲ್ಲಿ ನನಗೆ ಯಾರೂ ಹೇಳಿಲ್ಲ. ಮಗಳ ಸ್ಕೂಲಲ್ಲಿ ಅಪ್ಪ ಅಮ್ಮಂದಿರಿಗೂ ಒಂದು ಸ್ವಾಗತದ ಹಾಡು ಕಲಿಸಿದ್ರು. ಅದ್ರಲ್ಲಿ ಕೈ ನಡುಗಿಸೋದಿದೆ, ವಿರಿ ಅಂತಾರೆ. ನಾನು ಬರೀ ಬೆರಳು ಅಲ್ಲಾಡಿಸ್ತಿದ್ದೆ. ಮಾವೋರಿ ಟೀಚರ್ ಬಂದು ನನ್ನ ಮಣಿಕಟ್ಟು ಹಿಡ್ಕೊಂಡು, ಬೇಸಿಗೇಲಿ ನೆಲದ ಮೇಲೆ ಬಿಸಿಗಾಳಿ ಮಿನುಗತ್ತಲ್ಲ, ಅದು ಸೂರ್ಯನ ಮಗ ತಾನೆ ರೊರೆ ತನ್ನ ತಾಯಿಗೋಸ್ಕರ ಕುಣೀತಿರೋದು, ನಿಮ್ಮ ಕೈ ಅದಾಗಬೇಕು ಅಂದ್ರು. ನನಗೆ ನಮ್ಮೂರಿನ ಬಿಸಿಲುಗುದುರೆ ಕಣ್ಮುಂದೆ ಬಂತು, ಕೈ ತಾನಾಗೇ ಸರಿಹೋಯ್ತು. ವಿಡಿಯೋ ನೋಡಿ ಇದು ಬರಲ್ಲ.

ಹಾಗಾಗಿ ಙಾತಿ ತೊಅ ಅವರಿಗೇ ಒಂದು ಮೇಲ್ ಹಾಕಿ ಕೇಳಿ, ಇಲ್ಲ ಆನ್‌ಲೈನಲ್ಲಿ ಕಲಿಸೋ ಮಾವೋರಿ ಟೀಚರ್ ಯಾರಾದ್ರೂ ಸಿಗ್ತಾರಾ ನೋಡಿ, ಬೇಡ ಅಂದ್ರೆ ಬಿಟ್ಬಿಡಿ. ಹೂಂ ಅಂದ್ರೆ ಮೊದಲ ವಾರ ಕಾಲು ಕುಟ್ಟೋದು ಬೇಡ, ಬರೀ ಮಾತು ಕಲೀರಿ. ಕನ್ನಡದವರಿಗೆ ಹ್ರಸ್ವ ದೀರ್ಘ ಸಲೀಸು, ಮತೆಯನ್ನ ಮೇಟ್ ಅನ್ನೋ ಕಷ್ಟ ನಮಗಿಲ್ಲ. ಒಂದನೇ ಕ್ಲಾಸಲ್ಲಿ ಕ ಖ ಗ ಘ ಆದ್ಮೇಲೆ ಬಾಯಿಪಾಠ ಮಾಡಿ ಬಿಟ್ಟ ಙ ಇದೆಯಲ್ಲ, ಆ ಕುಲದ ಹೆಸರು ಶುರುವಾಗೋದೇ ಅದ್ರಿಂದ, ಮೊದಲು ಅದನ್ನ ಸರಿಯಾಗಿ ಹೇಳೋದು ಕಲೀರಿ.