ಸರಳು ಅಲುಗುತ್ತಿಲ್ಲವೇಕೆ?

ಪ್ರಶ್ನೆ: ಲಾಳಾಕಾರದ ಆಯಸ್ಕಾಂತದ ಧ್ರುವಗಳ ನಡುವೆ ಅಲ್ಯೂಮಿನಿಯಂ ಸರಳನ್ನು ತೂಗುಹಾಕಿ ಟಾರ್ಚ್ ಸೆಲ್‌ನಿಂದ ಕರೆಂಟ್ ಹರಿಸಿದರೂ ಸರಳು ಮಿಸುಕುವುದಿಲ್ಲ. ತಪ್ಪೆಲ್ಲಿ?

ಉತ್ತರ: ಮೊದಲು ಕರೆಂಟ್ ಹರಿಯುವ ಸರಳನ್ನು ಆಯಸ್ಕಾಂತ ತಳ್ಳುವ ಬಲ ಎಷ್ಟೆಂದು ಲೆಕ್ಕ ಹಾಕಿ. ವಾಹಕವು ಕಾಂತಕ್ಷೇತ್ರಕ್ಕೆ ಲಂಬವಾಗಿದ್ದರೆ ಬಲ = ಕ್ಷೇತ್ರ × ಪ್ರವಾಹ × ಕ್ಷೇತ್ರದೊಳಗಿನ ಉದ್ದ. 0.05 ಟೆಸ್ಲಾ (ಕಾಂತಕ್ಷೇತ್ರದ ಅಳತೆ), 2 ಆಂಪಿಯರ್, 3 ಸೆಂ.ಮೀ. ಎಂದಿಟ್ಟುಕೊಂಡರೆ ಸಿಗುವುದು 0.003 ನ್ಯೂಟನ್, ಹೆಚ್ಚುಕಡಿಮೆ 0.3 ಗ್ರಾಂ ತೂಕದಷ್ಟು. 3 ಮಿ.ಮೀ. ದಪ್ಪ, 6 ಸೆಂ.ಮೀ. ಉದ್ದದ ಸರಳೇ 1 ಗ್ರಾಂ ಮೀರುತ್ತದೆ. ಅದನ್ನು ದಪ್ಪ ವೈರಿನಲ್ಲಿ ನೇತುಹಾಕಿದ್ದರಂತೂ ವೈರಿನ ಬಿಗುವೇ ಈ ಬಲವನ್ನು ನುಂಗಿಬಿಡುತ್ತದೆ.

ಸರಳನ್ನು ಬಿಟ್ಟು ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯಿಂದ 5 ಮಿ.ಮೀ. ಅಗಲ, 10 ಸೆಂ.ಮೀ. ಉದ್ದದ ಪಟ್ಟಿ ಕತ್ತರಿಸಿ. ಅದರ ತೂಕ 0.02 ಗ್ರಾಂ ಆಸುಪಾಸು. ಎರಡು ತುದಿಗಳನ್ನೂ ಕ್ಲಿಪ್ಪಿಗೆ ಸಿಕ್ಕಿಸಿ, ನಡುವೆ ತುಸು ಸಡಿಲ ಬಿಡಿ. ಎಳೆದು ಕಟ್ಟಿದರೆ ಅದೂ ಅಲುಗದು. 1.5 ವೋಲ್ಟಿನ ಒಂದು ಸೆಲ್ ಸಾಕು. ಸ್ವಿಚ್ ಒತ್ತಿದೊಡನೆ ಪಟ್ಟಿ ಚಿಮ್ಮುತ್ತದೆ. ಒಂದು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿಯಬೇಡಿ, ಇದು ಶಾರ್ಟ್ ಸರ್ಕ್ಯೂಟ್‌ಗೆ ಸಮ, ಸೆಲ್ ಬಿಸಿಯಾಗುತ್ತದೆ. ಲಿಥಿಯಂ ಬ್ಯಾಟರಿಯಾಗಲಿ ಮನೆಯ ಪ್ಲಗ್ಗಾಗಲಿ ಬೇಡವೇ ಬೇಡ.

ಆಗಲೂ ಚಲಿಸದಿದ್ದರೆ ಆಯಸ್ಕಾಂತವನ್ನು ಇಟ್ಟಿರುವ ರೀತಿ ನೋಡಿ. ಧ್ರುವಗಳು ಅಕ್ಕಪಕ್ಕ ಇದ್ದರೆ ಬಲ ಮೇಲಕ್ಕೋ ಕೆಳಕ್ಕೋ ಬೀಳುತ್ತದೆ. ತೂಗಾಡುವ ಸರಳಿಗೆ ಅದರಿಂದ ಉಪಯೋಗವಿಲ್ಲ. ಒಂದು ಧ್ರುವ ಮೇಲೆ, ಇನ್ನೊಂದು ಕೆಳಗೆ ಇರಲಿ. ಉಳಿದದ್ದು ಸಂಪರ್ಕದ ದೋಷ: ತಾಮ್ರದ ತಂತಿಯ ಎನಾಮೆಲ್ (ಕರೆಂಟ್ ತಡೆಯುವ ತೆಳು ಲೇಪ) ಕೆರೆದಿಲ್ಲ, ಇಲ್ಲವೇ ಅಲ್ಯೂಮಿನಿಯಂ ಮೇಲಿನ ಆಕ್ಸೈಡ್ ಪದರ ಅಡ್ಡ ಬರುತ್ತಿದೆ. ಮರಳು ಕಾಗದದಿಂದ ಉಜ್ಜಿ.

ಒಂದು ಪರೀಕ್ಷೆ ತಪ್ಪಿಸಬೇಡಿ. ಸೆಲ್ ತಿರುಗಿಸಿ ಹಾಕಿದಾಗ ಚಲನೆಯ ದಿಕ್ಕೂ ತಿರುಗಬೇಕು. ತಿರುಗದಿದ್ದರೆ ನೀವು ನೋಡುತ್ತಿರುವುದು ಉಕ್ಕಿನ ಕ್ಲಿಪ್ಪನ್ನು ಆಯಸ್ಕಾಂತ ಎಳೆಯುವುದನ್ನು, ಅಷ್ಟೆ.

ಪ್ರಶ್ನೆ: ಆಯಸ್ಕಾಂತವೇ ಇಲ್ಲದಿದ್ದರೂ ಕರೆಂಟ್ ಹರಿಯುವ ಎರಡು ತಂತಿಗಳು ಒಂದನ್ನೊಂದು ಎಳೆಯುತ್ತವೆಯೆ?

ಉತ್ತರ: ಹೌದು, ಒಂದು ತಂತಿಯ ಕ್ಷೇತ್ರದೊಳಗೆ ಇನ್ನೊಂದು ಇರುತ್ತದಲ್ಲ! ಕರೆಂಟ್ ಒಂದೇ ದಿಕ್ಕಿನಲ್ಲಿದ್ದರೆ ಆಕರ್ಷಣೆ, ಎದುರುಬದುರಾದರೆ ವಿಕರ್ಷಣೆ. 1 ಮೀಟರ್ ಅಂತರದಲ್ಲಿ ತಲಾ 1 ಆಂಪಿಯರ್ ಹರಿದರೆ ಪ್ರತಿ ಮೀಟರಿಗೆ ಕೇವಲ 0.0000002 ನ್ಯೂಟನ್, 2019ರವರೆಗೆ ಆಂಪಿಯರ್‌ನ ವ್ಯಾಖ್ಯೆ ನಿಂತಿದ್ದೇ ಇದರ ಮೇಲೆ. ಮನೆಯ ವೈರಿಂಗ್‌ನಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ. ಭಾರಿ ಕರೆಂಟನ್ನು ಹರಿಸುವ, ಕಡಿಯುವ ಸ್ವಿಚ್‌ಗೇರ್‌ನ ಮಾತೇ ಬೇರೆ: 10 ಸೆಂ.ಮೀ. ಅಂತರದ ಬಸ್‌ಬಾರ್‌ಗಳಲ್ಲಿ (ಕರೆಂಟ್ ಒಯ್ಯುವ ದಪ್ಪ ಲೋಹದ ಪಟ್ಟಿಗಳಲ್ಲಿ) ಶಾರ್ಟ್ ಆಗಿ 20,000 ಆಂಪಿಯರ್ ನುಗ್ಗಿದರೆ ಪ್ರತಿ ಮೀಟರಿಗೆ 800 ನ್ಯೂಟನ್. 80 ಕಿಲೋ ತೂಕದಷ್ಟು ಹೊಡೆತ ತಾಳುವಂತೆ ಆಧಾರದ ಇನ್ಸುಲೇಟರ್‌ಗಳನ್ನು ಹತ್ತಿರ ಹತ್ತಿರ ಜೋಡಿಸದಿದ್ದರೆ ಬಾರ್ ಬಾಗುತ್ತದೆ.