ನರ್ಸಿಂಗ್ ಟೀಚರ್ ಆಗಲು ಅಮೆರಿಕದಲ್ಲಿ ನೆರವು ಸಿಗುತ್ತಾ?

ಅಲ್ಲಿ ಎಂಎಸ್‌ಎನ್ (ನರ್ಸಿಂಗ್ ಸ್ನಾತಕೋತ್ತರ ಪದವಿ) ಓದಿ ಪಾಠ ಮಾಡಬೇಕು, ಫೀಸಿಗೆ ದಾರಿ ಇದೆಯಾ ಅಂತ ಕೇಳಿದ್ದೀರಿ. ಇದೆ. ನರ್ಸ್ ಫ್ಯಾಕಲ್ಟಿ ಲೋನ್ ಪ್ರೋಗ್ರಾಂ ನೋಡಿ, 2002ರ ಕಾಯ್ದೆಯಿಂದ ಬಂದದ್ದು. ಸರ್ಕಾರ ಕಾಲೇಜಿಗೆ ದುಡ್ಡು ಕೊಡುತ್ತದೆ, ಕಾಲೇಜು ನಿಮಗೆ ಸಾಲ ಕೊಡುತ್ತದೆ. ಎಲ್ಲ ಕಾಲೇಜಿನಲ್ಲೂ ಇಲ್ಲ, ಸೇರುವ ಮುಂಚೆಯೇ ವಿಚಾರಿಸಿ.

ಓದು ಮುಗಿಸಿ ಪೂರ್ಣಾವಧಿ ಪಾಠ ಮಾಡಿದರೆ ಮೊದಲ 3 ವರ್ಷ ತಲಾ ಶೇ 20, ನಾಲ್ಕನೇ ವರ್ಷ ಶೇ 25 ಮನ್ನಾ. ಅಂದರೆ 40,000 ಡಾಲರ್ ಸಾಲದಲ್ಲಿ ನೀವು ಕಟ್ಟಬೇಕಾದ ಅಸಲು 6,000 ಮಾತ್ರ, ಜೊತೆಗೆ ಬಡ್ಡಿ. ಪಾಠಕ್ಕಿಂತ ಆಸ್ಪತ್ರೆಯಲ್ಲೇ ಸಂಬಳ ಜಾಸ್ತಿ ಅಲ್ವಾ, ಅದಕ್ಕೇ ಈ ಮನ್ನಾ ನಿಜಕ್ಕೂ ಬೇಕು. ಟೀಚರ್‌ಗಳಿಲ್ಲದೆ ಅರ್ಹ ಹುಡುಗ ಹುಡುಗಿಯರಿಗೂ ಅಲ್ಲಿ ಸೀಟು ತಪ್ಪುತ್ತಿದೆ.

ಒಂದು ತೊಡಕು: ಪೌರತ್ವ ಅಥವಾ ಗ್ರೀನ್ ಕಾರ್ಡ್ ಇರಲೇಬೇಕು. ಸ್ಟೂಡೆಂಟ್ ವೀಸಾದಲ್ಲಿ ಹೋಗುವ ನಮ್ಮವರಿಗೆ ಇದು ಸಿಗುವುದಿಲ್ಲ.