ಟೀಮ್ ಪ್ರಾಜೆಕ್ಟ್‌ನಲ್ಲಿ ನಾಲ್ವರಿಗೂ ಒಂದೇ ಅಂಕ ಹಾಕುತ್ತಾರಾ?

ಕಾರವಾರದಲ್ಲಿ ಕಂಪ್ಯೂಟರ್ ಸೈನ್ಸ್ ಆರನೇ ಸೆಮಿಸ್ಟರ್, ಶಿರಸಿ ಮಾರುಕಟ್ಟೆಯ ಅಡಿಕೆ ದರ ತೋರಿಸುವ ಆ್ಯಪ್, ನಾಲ್ಕು ಜನರ ಬ್ಯಾಚ್. ಅದರಲ್ಲೊಬ್ಬ ಒಂದು ಸಾಲು ಕೋಡ್ ಬರೆದಿಲ್ಲ, ಅವನಿಗೂ ನಮ್ಮಷ್ಟೇ ಅಂಕವಾ ಅಂತ ಕೇಳಿದ್ದೀರಿ. ಅರ್ಧದ ಮಟ್ಟಿಗೆ ಹೌದು.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2018 ಮತ್ತು 2021ರ ಸ್ಕೀಮ್‌ಗಳಲ್ಲಿ, ಅಂದರೆ ಪಠ್ಯಕ್ರಮಗಳಲ್ಲಿ, ಮಿನಿ ಪ್ರಾಜೆಕ್ಟ್‌ನ ಇಂಟರ್ನಲ್ಸ್ (ಕಾಲೇಜೇ ಹಾಕುವ ಅಂಕ) ಹಂಚಿಕೆ 50:25:25. ರಿಪೋರ್ಟ್‌ಗೆ 50, ಪ್ರೆಸೆಂಟೇಶನ್‌ಗೆ 25, ಪ್ರಶ್ನೋತ್ತರಕ್ಕೆ 25. ರಿಪೋರ್ಟ್‌ನ ಅಂಕ ಬ್ಯಾಚ್‌ನ ಎಲ್ಲರಿಗೂ ಒಂದೇ ಇರಬೇಕೆಂದು ಸಿಲಬಸ್‌ನಲ್ಲೇ ಬರೆದಿದೆ. ಗೈಡ್ ಹತ್ತಿರ ಎಷ್ಟು ದೂರಿದರೂ ಅದರಲ್ಲಿ ಅವನದ್ದು ಕಡಿಮೆಯಾಗುವುದಿಲ್ಲ. ಅಲ್ಲದೆ ಅಂಕ ಹಾಕುವುದು ಗೈಡ್ ಒಬ್ಬರೇ ಅಲ್ಲ. ವಿಭಾಗದ ಮುಖ್ಯಸ್ಥರು (ಎಚ್‌ಒಡಿ) ಮತ್ತು ಇಬ್ಬರು ಹಿರಿಯ ಅಧ್ಯಾಪಕರ ಸಮಿತಿ, ಆ ಇಬ್ಬರಲ್ಲಿ ಒಬ್ಬರು ಗೈಡ್. ನಿಮ್ಮದು ಬೇರೆ ಸ್ಕೀಮ್ ಅಥವಾ ಸ್ವಾಯತ್ತ ಕಾಲೇಜಾದರೆ ಆ ಸಿಲಬಸ್‌ನ ಪ್ರಾಜೆಕ್ಟ್ ಪುಟ ತೆಗೆದು ನೋಡಿ, ಸೀನಿಯರ್‌ಗಳ ಮಾತು ನಂಬಬೇಡಿ.

ಹಾಗಾಗಿ ವ್ಯತ್ಯಾಸ ಕಾಣುವುದು ಉಳಿದ 50ರಲ್ಲಿ, ಅದರಲ್ಲೂ ಪ್ರಶ್ನೋತ್ತರದಲ್ಲಿ. ಅಲ್ಲಿ ಬರುವುದು ಪುಸ್ತಕದ ಪ್ರಶ್ನೆಯಲ್ಲ. ನಿಮ್ಮ ಆ್ಯಪನ್ನೇ ತೆಗೆದುಕೊಳ್ಳಿ: ರಾಶಿ, ಚಾಲಿ, ಬೆಟ್ಟೆ ಎಂಬ ಅಡಿಕೆ ಬಗೆಗಳ ದರ ದಿನಾ ತುಂಬುತ್ತೀರಿ. ಬೆಟ್ಟೆಯ ಆವಕವೇ ಇಲ್ಲದ ದಿನ ಟೇಬಲ್‌ನಲ್ಲಿ ಸೊನ್ನೆ ಹಾಕಿದ್ದೀರಾ, ನಲ್ (ಖಾಲಿ) ಬಿಟ್ಟಿದ್ದೀರಾ? ಐದು ದಿನ ಕ್ವಿಂಟಲ್‌ಗೆ 48,000 ಇದ್ದು ಆರನೇ ದಿನ ಸೊನ್ನೆ ಬಿದ್ದರೆ ವಾರದ ಸರಾಸರಿ 40,000 ಅಂತ ತೋರಿಸುತ್ತದೆ. ನಲ್ ಆದರೆ ಡೇಟಾಬೇಸ್ ಭಾಷೆ ಎಸ್‌ಕ್ಯೂಎಲ್‌ನಲ್ಲಿ ಸರಾಸರಿ ತೆಗೆಯುವ ಎವಿಜಿ ಆ ಸಾಲನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, 48,000 ಸರಿಯಾಗಿ ಬರುತ್ತದೆ. ಆ ಕೋಡ್ ಬರೆದವನಿಗೆ ಇದು ಅರ್ಧ ನಿಮಿಷದ ಉತ್ತರ. ಬರೆಯದವನು ಪಕ್ಕದವನ ಮುಖ ನೋಡುತ್ತಾನೆ, ಸಮಿತಿಗೆ ಅಷ್ಟು ಸಾಕು.

ಗಿಟ್ ಹಿಸ್ಟರಿ, ಅಂದರೆ ಯಾರು ಯಾವಾಗ ಯಾವ ಕೋಡ್ ಸೇರಿಸಿದರೆಂಬ ದಾಖಲೆ, ತೋರಿಸಿದರೆ ಆಯಿತು ಅಂದುಕೊಂಡಿದ್ದರೆ ಸ್ವಲ್ಪ ನಿಲ್ಲಿ. ಲ್ಯಾಬ್‌ನ ಒಂದೇ ಕಂಪ್ಯೂಟರ್‌ನಲ್ಲಿ ನಾಲ್ವರೂ ಕೂತು ಕಮಿಟ್ ಮಾಡಿದರೆ (ಬದಲಾವಣೆ ದಾಖಲಿಸಿದರೆ) ಎಲ್ಲವೂ ಮೊದಲು ಸೆಟ್ ಮಾಡಿದವನ ಹೆಸರಿಗೆ ಹೋಗುತ್ತದೆ. ಎಲ್ಲಕ್ಕೂ ಒಂದೇ ಹೆಸರು ಹಾಕುವ ಗ್ಲೋಬಲ್ ಕಾನ್ಫಿಗ್ ಬಿಟ್ಟು, ನಿಮ್ಮ ನಿಮ್ಮ ಫೋಲ್ಡರ್‌ನಲ್ಲಿ ರೆಪೊ (ಪ್ರಾಜೆಕ್ಟ್‌ನ ಕೋಡ್ ಸಂಗ್ರಹ) ಕ್ಲೋನ್ ಮಾಡಿ ಅದರೊಳಗೇ ಹೆಸರು, ಇಮೇಲ್ ಹಾಕಿ. ಸ್ಕ್ವಾಶ್ ಮರ್ಜ್ ಮಾಡಿದರೆ ಹದಿನೈದು ಕಮಿಟ್ ಸೇರಿ ಒಂದಾಗಿ ಕೂರುತ್ತದೆ. ಇನ್ನು ಸಾಲುಗಳ ಲೆಕ್ಕವಂತೂ ಶುದ್ಧ ಮೋಸ: ಯಾರೋ ಹೊರಗಿನ ಲೈಬ್ರರಿಗಳಿರುವ ನೋಡ್ ಮಾಡ್ಯೂಲ್ಸ್ ಫೋಲ್ಡರನ್ನೇ ಪುಶ್ ಮಾಡಿದರೆ ಅವನೇ ಲಕ್ಷಾಂತರ ಸಾಲಿನ ಧಣಿ. ಅದನ್ನು ಗಿಟ್‌ಇಗ್ನೋರ್‌ಗೆ (ಗಿಟ್ ಬಿಟ್ಟುಬಿಡಬೇಕಾದ ಫೈಲ್‌ಗಳ ಪಟ್ಟಿಗೆ) ಮೊದಲ ದಿನವೇ ಸೇರಿಸಿ.

ಪರಸ್ಪರ ಅಂಕ ಕೊಡುವ ಪದ್ಧತಿ ಇದಕ್ಕೆ ಪರಿಹಾರವಾ ಎಂದೂ ಕೇಳಿದ್ದೀರಿ. ರಿಪೋರ್ಟ್‌ಗೆ ಇದನ್ನು ತರಲು ಮೇಲಿನ ನಿಯಮ ಬಿಡದು. ಅಧ್ಯಾಪಕರು ತಾವೇ ಕೊಡುವ ಅಸೈನ್‌ಮೆಂಟ್ ಪ್ರಾಜೆಕ್ಟ್‌ಗೆ ತರಬಹುದು. ಇಂಗ್ಲೆಂಡಿನ ಲಫ್ಬರೋ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ವೆಬ್‌ಪಿಎ ಲೆಕ್ಕ ನನಗೆ ಹಿಡಿಸಿದ್ದು. ಅದರ ಸರಳ ರೂಪ ಹೀಗೆ: ಪ್ರತಿಯೊಬ್ಬರೂ ಉಳಿದ ಮೂವರಿಗೆ 5ರ ಒಳಗೆ ಅಂಕ ಕೊಡುತ್ತಾರೆ. ನೀವು 5, 4, 1 ಕೊಟ್ಟರೆ ಒಟ್ಟು 10ರಿಂದ ಭಾಗಿಸಿ 0.5, 0.4, 0.1. ಧಾರಾಳಿ ಎಲ್ಲರಿಗೂ 5 ಕೊಟ್ಟರೂ ಜಿಪುಣ ಎಲ್ಲರಿಗೂ 2 ಕೊಟ್ಟರೂ ಭಾಗಿಸಿದ ಮೇಲೆ ಎರಡೂ ಒಂದೇ. ಒಬ್ಬೊಬ್ಬರಿಗೆ ಬಂದದ್ದನ್ನು ಕೂಡಿದಾಗ 1.4, 1.3, 1.0, 0.3 ಬಂತು ಅಂತಿಟ್ಟುಕೊಳ್ಳಿ. ಪ್ರಾಜೆಕ್ಟ್‌ಗೆ 50ಕ್ಕೆ 40 ಬಿದ್ದಿದ್ದರೆ ಅರ್ಧ, ಅಂದರೆ 20, ಎಲ್ಲರಿಗೂ ಖಾಯಂ. ಇನ್ನೊಂದು 20ನ್ನು ಅವರವರ ಸಂಖ್ಯೆಯಿಂದ ಗುಣಿಸಿ ಅದಕ್ಕೆ ಕೂಡಿಸಿ. 48, 46, 40, 26.

ತನಗೆ ತಾನೇ ಅಂಕ ಕೊಡಲು ಬಿಟ್ಟರೆ ಇದು ಕೆಡುತ್ತದೆ: 5, 1, 1, 1 ಬರೆದವನು ತನ್ನ ಪಾಲಿನ ಒಂದರಲ್ಲಿ 0.625 ತಾನೇ ನುಂಗುತ್ತಾನೆ. ಒಬ್ಬ ಫಾರ್ಮ್ ಕೊಡದೇ ಹೋದರೆ ಒಟ್ಟು 4ರ ಬದಲು 3 ಆಗಿ ಬ್ಯಾಚ್‌ಗೇ ಪೆಟ್ಟು, ಆಗ ಅವನಿಗೆ ಬಂದದ್ದನ್ನು ಹಾಗೇ ಬಿಟ್ಟು, ಕೊಟ್ಟ ಮೂವರಿಗೆ ಬಂದದ್ದನ್ನು 3/2ರಿಂದ ಗುಣಿಸಿ, ಕೊನೆಗೆ ಒಟ್ಟು 4 ಬರುವಂತೆ ಹೊಂದಿಸಬೇಕು. ನಾಲ್ವರೂ ಕ್ಯಾಂಟೀನಿನಲ್ಲಿ ಮಾತಾಡಿಕೊಂಡು ಸಮ ಹಾಕಿದರೆ ಮಾತ್ರ ಯಾವ ಸೂತ್ರವೂ ಏನೂ ಮಾಡದು. ಅದಕ್ಕೇ ಪ್ರತಿ ಅಂಕದ ಪಕ್ಕ ಒಂದು ಸಾಲು ಕಾರಣ ಕೇಳುವುದು, ಅದನ್ನೂ ಕೊನೆಗೊಮ್ಮೆ ಅಲ್ಲ, ಪ್ರತಿ ರಿವ್ಯೂಗೆ.

ನೀವು ಈಗಲೇ ಮಾಡಬಹುದಾದ್ದು: ರಿಪೋರ್ಟ್‌ನಲ್ಲಿ ಒಂದು ಪುಟದ ಕೋಷ್ಟಕ ಹಾಕಿ. ಮಾಡ್ಯೂಲ್, ಫೈಲ್ ಹೆಸರು, ಬರೆದವರು, ಪರೀಕ್ಷಿಸಿದವರು. ಆ ನಾಲ್ಕನೆಯವನಿಗೂ ಇನ್ನೂ ಸಮಯವಿದೆ. ದರ ಪಟ್ಟಿಯ ಟೆಸ್ಟ್‌ಗಳನ್ನು ಅವನಿಗೆ ಕೊಟ್ಟು ನೋಡಿ. ಮತ್ತೆ, ರಿವ್ಯೂ ಮಳೆಗಾಲದಲ್ಲಿ ಬಿದ್ದರೆ ಡೇಟಾಬೇಸ್‌ನ ಒಂದು ಪ್ರತಿ ಲ್ಯಾಪ್‌ಟಾಪ್‌ನಲ್ಲೇ ಇಟ್ಟುಕೊಳ್ಳಿ. ಕಾರವಾರದ ಮಳೆಗೆ ಕರೆಂಟು, ನೆಟ್‌ವರ್ಕ್ ಎರಡೂ ಒಟ್ಟಿಗೇ ಹೋಗುತ್ತವೆ.